ಚೆಂಡಿನ ಹುರಿ

ಮೊಳಕಾಲ್ಮೂರಿನ ರೇಷ್ಮೆ ನೇಯುವವರ ಮನೆಗಳಲ್ಲಿಯೂ, ಚಳ್ಳಕೆರೆಯ ಸೀಮೆಯಲ್ಲಿ ಕಂಬಳಿಗಾಗಿ ಉಣ್ಣೆ ನೂಲುವವರ ಮನೆಗಳಲ್ಲಿಯೂ ಹುರಿಯೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಎಳೆಯ ಹುರಿ ದೂರದವನ ಕಣ್ಣಿಗೆ ಕಾಣದು. ಮಗ್ಗಕ್ಕೆ ಬಂದಾಗ ಮಾತ್ರ ಅದರ ಗುಣ ತಿಳಿಯುವುದು. ಪೂಲ್ ಎಂಬ ಆಟದ ಚೆಂಡಿಗೂ ಅಂಥದೇ ಒಂದು ಹುರಿಯುಂಟು. ಓದಲೆಂದು ಬೆಂಗಳೂರಿಗೆ ಕಳುಹಿಸಿದ ಮಗನು ಸಂಜೆಯ ಹೊತ್ತು ಪೂಲ್ ಮೇಜಿನ ಮುಂದೆ ನಿಲ್ಲುತ್ತಾನೆಂದು ಕೇಳಿದ ಹೆತ್ತವರು ಕಳವಳಪಡುವುದು ಸಹಜ. ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡುವ ಮುನ್ನ, ಆ ಆಟದಲ್ಲಿ ಏನಿದೆಯೆಂದು ನೋಡುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.

ಬಟ್ಟೆ ಹೊದಿಸಿದ ಮೇಜು, ಅದರಲ್ಲಿ ಆರು ಕುಳಿಗಳು, ಸುತ್ತಲೂ ರಬ್ಬರಿನ ಅಂಚು. ಆಟಗಾರನು ಕೋಲಿನಿಂದ ಬಿಳಿಯ ಚೆಂಡನ್ನು ಹೊಡೆಯುವನು. ಅದು ಬಣ್ಣದ ಚೆಂಡಿಗೆ ತಾಗಿ ಅದನ್ನು ಕುಳಿಗೆ ದೂಡಬೇಕು. ಬಣ್ಣದ ಚೆಂಡು ಮೊದಲು ಅಂಚಿಗೆ ಬಡಿದು, ಹಿಂದಿರುಗಿ ಕುಳಿಯನ್ನು ಸೇರಿದರೆ ಅದಕ್ಕೆ ಬ್ಯಾಂಕ್ ಷಾಟ್ ಎಂದು ಹೆಸರು. ಕೇರಂ ಆಡುವ ಮನೆಗಳಲ್ಲಿ ಮಕ್ಕಳು ಸಹ ಇಂಥ ಹೊಡೆತವನ್ನು ಬಲ್ಲರು. ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ಪಾಠದ ಮಾತು ಇಲ್ಲಿ ಒಂದು ಮಟ್ಟಿಗೆ ಸಲ್ಲುವುದು.

ಆದರೆ ಆ ಮಾತು ಬೆಳಕಿಗೆ ಹೇಳಿದ್ದು. ಚೆಂಡಾದರೋ ಬುಗುರಿಯಂತೆ ತಿರುಗಬಲ್ಲುದು. ಬಿಳಿಯ ಚೆಂಡಿನ ನಡುವಿಗೆ ಹೊಡೆಯದೆ ಬಲಮಗ್ಗುಲಿಗೆ ಹೊಡೆದರೆ ಅದು ಸುತ್ತುತ್ತ ಸಾಗುವುದು. ನೇರವಾಗಿ ಎದುರಿನ ಅಂಚಿಗೆ ಬಡಿದಾಗ ಅದರ ಮೈ ರಬ್ಬರನ್ನು ಎಡಕ್ಕೆ ಉಜ್ಜುವುದು; ಆ ಘರ್ಷಣೆ ಚೆಂಡನ್ನು ಬಲಕ್ಕೆ ತಳ್ಳುವುದು. ಹೀಗೆ ಬಲದ ಹುರಿ ಹೊತ್ತ ಚೆಂಡು ಹೊಡೆದವನ ಬಲಕ್ಕೂ, ಎಡದ ಹುರಿಯದು ಎಡಕ್ಕೂ ವಾಲಿ ಬರುವುದು. ಓರೆಯಾಗಿ ಬಲಕ್ಕೆ ಸಾಗುವ ಚೆಂಡಿಗೆ ಬಲದ ಹುರಿಯಿದ್ದರೆ ಅದರ ಮರಳುದಾರಿ ಇನ್ನಷ್ಟು ಅಗಲವಾಗುವುದು; ಎಡದ ಹುರಿಯಿದ್ದರೆ ಕಿರಿದಾಗುವುದು. ಬಲವಾಗಿ ಹೊಡೆದರೆ ರಬ್ಬರು ಆಳವಾಗಿ ಅದುಮಿಕೊಂಡು, ಹುರಿಯಿಲ್ಲದ ಚೆಂಡೂ ಪಾಠದ ಕೋನಕ್ಕಿಂತ ಕಿರಿದಾದ ಕೋನದಲ್ಲಿ ಮರಳುವುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಯಾಂಕ್ ಷಾಟಿನಲ್ಲಿ ಅಂಚಿಗೆ ಬಡಿಯುವುದು ಬಣ್ಣದ ಚೆಂಡು. ಕೋಲು ತಾಗುವುದು ಬಿಳಿಯದಕ್ಕೆ. ಗಿರಣಿಯ ಹಲ್ಲುಗಾಲಿಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುವಂತೆ, ಬಿಳಿಯ ಚೆಂಡಿನ ಎಡದ ಹುರಿ ಬಣ್ಣದ ಚೆಂಡಿಗೆ ಬಲದ ಹುರಿಯಾಗಿ ದಾಟುವುದು. ದಾಟುವುದೂ ಅಲ್ಪಾಂಶವೇ. ಹುರಿ ಹಾಕದಿದ್ದರೂ, ಓರೆಯಾಗಿ ತಾಗಿದ ಮಾತ್ರಕ್ಕೆ ಬಣ್ಣದ ಚೆಂಡು ಸ್ವಲ್ಪ ಸುತ್ತುವುದುಂಟು. ಆದುದರಿಂದ ಹೊಸಬನು ಮೊದಲು ನಡುವಿಗೆ ಹೊಡೆಯುವುದನ್ನು ಅಭ್ಯಾಸ ಮಾಡಿ, ಒಂದೇ ವೇಗವನ್ನು ಕೈಗೆ ತಂದುಕೊಂಡು, ಆಮೇಲೆ ಹುರಿಯ ಕಡೆಗೆ ತಿರುಗುವುದೇ ಕ್ರಮ.

ಈ ವಿದ್ಯೆ ಬೆಳೆದುದು 19ನೆಯ ಶತಮಾನದ ಆದಿಯಲ್ಲಿ, ಫ್ರಾನ್ಸಿನ ಮ್ಯಾಂಗೋ ಎಂಬಾತನು ಕೋಲಿನ ತುದಿಗೆ ತೊಗಲನ್ನು ಕೂಡಿಸಿ ಪ್ರಚಾರಕ್ಕೆ ತಂದ ಮೇಲೆ. ಬರಿಯ ಮರದ ತುದಿ ಚೆಂಡಿನ ಮಗ್ಗುಲಿನಿಂದ ಜಾರುತ್ತಿದ್ದಿತು. ತೊಗಲೂ ಸೀಮೆಸುಣ್ಣವೂ ಅದಕ್ಕೆ ಹಿಡಿತ ಕೊಟ್ಟವು. ಅದೇ ದೇಶದ ಗಣಿತಜ್ಞ ಕೊರಿಯೊಲಿಸನು 1835ರಲ್ಲಿ ಬಿಲಿಯರ್ಡ್ಸ್ ಆಟದ ಗಣಿತವನ್ನು ಕುರಿತೇ ಒಂದು ಗ್ರಂಥ ಬರೆದನು. ನಮ್ಮ ಬೆಂಗಳೂರಿನಲ್ಲಿ ಅರವಿಂದ ಸವೂರರ ಬಳಿ ಕಲಿತ ಪಂಕಜ ಅಡ್ವಾಣಿಯವರು 2003ರಲ್ಲಿ ಸ್ನೂಕರ್‌ನಲ್ಲಿಯೂ 2005ರಲ್ಲಿ ಬಿಲಿಯರ್ಡ್ಸ್‌ನಲ್ಲಿಯೂ ವಿಶ್ವವಿಜೇತರಾದರು. ಪೂಲ್ ಈ ಆಟಗಳ ಒಡಹುಟ್ಟು.

ಮೇಜಿಲ್ಲದ ಮನೆಯಲ್ಲಿಯೂ ಈ ತತ್ತ್ವವನ್ನು ಪರೀಕ್ಷಿಸಬಹುದು. ನುಣುಪಾದ ನೆಲದ ಮೇಲೆ ಗೋಡೆಯವರೆಗೆ ನೇರವಾಗಿ ಸುಣ್ಣದ ಗೆರೆ ಎಳೆಯಿರಿ. ರಬ್ಬರಿನ ಚೆಂಡನ್ನು ಗೆರೆಯ ಮೇಲೆಯೇ ಉರುಳಿಸಿದರೆ ಅದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಮರಳುವುದು. ಬೆರಳುಗಳಿಂದ ಗಡಿಯಾರದ ಮುಳ್ಳಿನಂತೆ ತಿರುಗಿಸಿ ಬಿಟ್ಟರೆ ಗೋಡೆಗೆ ತಾಗಿ ನಿಮ್ಮ ಎಡಕ್ಕೆ ಬರುವುದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಾಧ್ಯಾಯರಿಗೆ ಪ್ರಯೋಗಗಳ ಮೂಲಕ ವಿಜ್ಞಾನ ಬೋಧಿಸುವ ಕ್ರಮವನ್ನು ಕಲಿಸುತ್ತಾರೆ. ಈ ಚಿಕ್ಕ ಪ್ರಯೋಗಕ್ಕಾದರೋ ಮನೆಯ ಮೊಗಸಾಲೆಯೇ ಸಾಕು.

ಹೆತ್ತವರಿಗೆ ನಮ್ಮ ಬಿನ್ನಹವಿಷ್ಟೆ. ಮೇಜಿನ ಮೇಲೆ ಪಣದ ಹಣ ಬಿದ್ದರೆ, ಓದಿನ ಹೊತ್ತು ಅಲ್ಲಿ ಕಳೆದರೆ, ಕಟ್ಟುನಿಟ್ಟಾಗಿ ತಡೆಯಿರಿ. ಆ ಭಯ ಸುಳ್ಳಲ್ಲ. ಆದರೆ ಹುಡುಗನು ಹಬ್ಬಕ್ಕೆ ಊರಿಗೆ ಬಂದಾಗ ಗದರಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಎಡದ ಹುರಿ ಹಾಕಿದರೆ ಬಣ್ಣದ ಚೆಂಡು ಯಾವ ಕಡೆಗೆ ಬರುವುದು, ಏಕೆ? ಕಾರಣಸಹಿತವಾಗಿ ಉತ್ತರ ಹೇಳಿದನಾದರೆ, ಅವನ ಸಂಜೆಗಳೆಲ್ಲ ವ್ಯರ್ಥವಾಗಿಲ್ಲವೆಂದು ನೀವು ತಿಳಿಯಬಹುದು. ಹೇಳದಿದ್ದರೆ, ಚೆಂಡನ್ನೂ ಸುಣ್ಣದ ಕಡ್ಡಿಯನ್ನೂ ಅವನ ಕೈಗೆ ಕೊಡಿ.