ಹಿಡಿ ಕಾಳು ಯಾವ ಹಕ್ಕಿಗೆ?

ಹಳಗನ್ನಡದಲ್ಲಿ ಕೋಗಿಲೆಗೆ ‘ಪರಪುಟ್ಟ’ ಎಂಬ ಹೆಸರುಂಟು. ಸಂಸ್ಕೃತದ ಪರಪುಷ್ಟ ಶಬ್ದದ ತದ್ಭವವಿದು; ಅನ್ಯರಿಂದ ಪೋಷಣೆ ಪಡೆದುದು ಎಂದರ್ಥ. ಪರಭೃತ, ಅನ್ಯಪುಷ್ಟ ಎಂಬ ಪರ್ಯಾಯಗಳೂ ಅದನ್ನೇ ಹೇಳುತ್ತವೆ. ತರಗತಿಯಲ್ಲಿ ಈ ಪದಕ್ಕೆ ‘ಕೋಗಿಲೆ’ ಎಂದು ಅರ್ಥ ಬರೆಸಿ ಮುಂದಿನ ಪದ್ಯಕ್ಕೆ ಹೋಗುವುದೇ ರೂಢಿ. ಆದರೆ ಈ ಪದ ಹುಟ್ಟಬೇಕಾದರೆ ಯಾರೋ ಒಂದು ಕಾಗೆಯ ಗೂಡನ್ನು ಹಲವು ದಿನ ತಾಳ್ಮೆಯಿಂದ ನೋಡಿರಬೇಕು. ತನ್ನದಲ್ಲದ ಮರಿಗೆ ಕಾಗೆ ಗುಟುಕು ಕೊಡುವುದನ್ನು ಕಣ್ಣಾರೆ ಕಂಡವರಿಂದ ಮಾತ್ರ ಇಂತಹ ಹೆಸರು ಸಾಧ್ಯ. ಅದೇ ಪರಂಪರೆಯಲ್ಲಿ, ಮಾವಿನ ಚಿಗುರು ತಿಂದು ಕೋಗಿಲೆಯ ಕೊರಳು ಇಂಪಾಗುತ್ತದೆ ಎಂಬ ಕವಿಸಮಯವೂ ಇದೆ. ಮೊದಲನೆಯದು ನೋಡಿ ಬಂದ ಮಾತು, ಎರಡನೆಯದು ಕೇಳಿ ಬಂದ ಮಾತು. ವಸಂತವರ್ಣನೆಗಳನ್ನೆಲ್ಲ ಒಟ್ಟಾಗಿ ‘ಸಾಂಪ್ರದಾಯಿಕ’ ಎಂದು ಬದಿಗಿಡುವ ವಿಮರ್ಶೆ ಈ ಎರಡನ್ನು ಬೇರ್ಪಡಿಸುವ ಶ್ರಮವನ್ನು ತೆಗೆದುಕೊಂಡಿಲ್ಲ. ಆ ಶ್ರಮಕ್ಕೆ ಗ್ರಂಥಾಲಯದಷ್ಟೇ ಹಿತ್ತಲೂ ಬೇಕು.

ಬೆಳಗಾವಿಯ ಶಹಾಪುರವನ್ನೇ ತೆಗೆದುಕೊಳ್ಳಬಹುದು. ನೇಕಾರಿಕೆಗೆ ಹೆಸರಾದ ಈ ಪೇಟೆ ಸ್ವಾತಂತ್ರ್ಯದವರೆಗೂ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಬೆಳಗಾವಿ ಬ್ರಿಟಿಷರ ದಂಡು ಬಿಟ್ಟಿದ್ದ ಊರು. ಆ ದಂಡಿನಲ್ಲಿದ್ದ ಇ. ಎ. ಬಟ್ಲರ್ ಎಂಬ ಸೇನಾಧಿಕಾರಿ ದಖನ್ ಹಾಗೂ ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಎ. ಓ. ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ 1881ರಲ್ಲಿ ಪ್ರಕಟಿಸಿದ. ಬೆಳಗಾವಿಯ ಗೂಡು, ಮೊಟ್ಟೆಗಳನ್ನು ಕುರಿತ ಅವನ ಟಿಪ್ಪಣಿಗಳು ಹ್ಯೂಮ್‌ನ ಗ್ರಂಥದಲ್ಲಿಯೂ ಸೇರಿವೆ. ತಿಂಗಳು, ತಾರೀಖು ಹಾಕಿ ಬರೆದ ಆ ಟಿಪ್ಪಣಿಗಳ ಶಿಸ್ತು ದೊಡ್ಡದು. ಆದರೆ ಆ ಕಾಲದ ಪಕ್ಷಿಶಾಸ್ತ್ರದ ಉಪಕರಣ ಬಂದೂಕು. ಹಕ್ಕಿಯನ್ನು ಕೊಂದು, ಮೊಟ್ಟೆಯನ್ನು ತೆಗೆದು ಪಡೆದ ಜ್ಞಾನವದು. ಕೊಲ್ಲದೆ, ಹಿಡಿಯದೆ, ಅಷ್ಟೇ ಶಿಸ್ತಿನಿಂದ ನೋಡುವ ಅವಕಾಶ ಇಂದು ಒಂದು ಬಾವಿಕಟ್ಟೆ, ಒಂದು ಪೇರಲ, ಒಂದು ಕರಿಬೇವಿನ ಗಿಡವಿರುವ ಹಿತ್ತಲಿನವರಿಗೂ ಉಂಟು.

ಆ ಅವಕಾಶವನ್ನು ಕಾಳು ಚೆಲ್ಲುವ ಅಭ್ಯಾಸವೇ ಮರೆಮಾಡುತ್ತಿದೆಯೆಂಬುದು ಸ್ವಲ್ಪ ಕಟುವಾದ, ಆದರೆ ಹೇಳಲೇಬೇಕಾದ ಮಾತು. ಯುಗಾದಿಯ ಆಸುಪಾಸಿನಲ್ಲಿ, ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದ ನೆಪದಲ್ಲಿ, ಮಾಳಿಗೆಯ ಮೇಲೆ ಹಿಡಿ ಜೋಳ, ಅಕ್ಕಿಯ ನುಚ್ಚು ಬೀಳುತ್ತದೆ. ಗುಬ್ಬಿಗೆಂದು ಹಾಕಿದ ಕಾಳನ್ನು ತಿನ್ನುವುದು ಬಹುಪಾಲು ಪಾರಿವಾಳ. ಇದರಲ್ಲಿ ಆಕಸ್ಮಿಕವೇನೂ ಇಲ್ಲ. ಪಾರಿವಾಳ ತನ್ನ ಕೊರಳಚೀಲದಲ್ಲಿ ಒಸರುವ ಹಾಲಿನಂತಹ ದ್ರವವನ್ನೇ ಮರಿಗೆ ಉಣಿಸುತ್ತದೆ. ತಾಯಿತಂದೆಗಳಿಗೆ ಕಾಳು ಸಿಕ್ಕರೆ ಮರಿ ಬೆಳೆಯುತ್ತದೆ. ಗುಬ್ಬಚ್ಚಿಯ ಮರಿಗಾದರೋ ಮೊದಲ ದಿನಗಳಲ್ಲಿ ಹುಳುವೇ ಆಹಾರ. ವಸಂತದಲ್ಲಿ ಎಷ್ಟು ಸೇರು ಜೋಳ ಚೆಲ್ಲಿದರೂ ಹುಳುವಿಲ್ಲದ, ಸಿಮೆಂಟು ಹಾಸಿದ ಅಂಗಳದಲ್ಲಿ ಆ ಮರಿ ಬದುಕದು. ಹುಳು ತಿಂದ ದಾಸವಾಳದ ಎಲೆಯನ್ನು ಕಂಡು ಔಷಧ ಸಿಂಪಡಿಸುವ ಕೈಯೇ ಗುಬ್ಬಿಗೆ ಕಾಳು ಹಾಕುವ ಕೈಯೂ ಆಗಿರುತ್ತದೆ. 942 ಪ್ರಭೇದಗಳನ್ನು ಪರಿಶೀಲಿಸಿದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಲ್ಲಿ ಸಂಖ್ಯೆ ಹೆಚ್ಚಿಸಿಕೊಂಡವುಗಳ ಸಾಲಿನಲ್ಲಿ ಪಾರಿವಾಳವಿದೆ. ಅದೇ ಸಾಲಿನಲ್ಲಿ ನವಿಲೂ ಕೋಗಿಲೆಯೂ ಇವೆ ಎಂಬುದು ಕಾವ್ಯಾಭ್ಯಾಸಿಗಳಿಗೆ ಕುತೂಹಲದ ಸಂಗತಿ.

2025ರಲ್ಲಿ ಮುಂಬಯಿಯ ದಾದರಿನ ಕಬೂತರಖಾನೆಯನ್ನು ಮುಚ್ಚಿದಾಗ ನಡೆದ ವಿವಾದ ಎಲ್ಲರಿಗೂ ನೆನಪಿದೆ. ಒಂದು ಕಡೆ ಶ್ವಾಸಕೋಶದ ರೋಗದ ಭಯ, ಇನ್ನೊಂದು ಕಡೆ ಜೀವದಯೆ. ಜೀವದಯೆಯ ಪರವಾಗಿ ನಿಂತವರಲ್ಲಿ ಜೈನರು ಅನೇಕರಿದ್ದುದರಿಂದ, ಆ ಪರಂಪರೆಯ ಶಾಸ್ತ್ರ ದಾನದ ಬಗ್ಗೆ ಏನು ಹೇಳುತ್ತದೆ ಎಂದು ಕೇಳುವುದು ಅನುಚಿತವಾಗದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಪ್ರಾಣಿಪಕ್ಷಿಗಳಿಗೆ ನೀಡುವುದು ಅವುಗಳಲ್ಲಿ ದಯಾದತ್ತಿಗೆ ಸೇರುತ್ತದೆ, ಪಾತ್ರದತ್ತಿಗಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯ ಸೂತ್ರ, ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷ ಉಂಟಾಗುತ್ತದೆ ಎನ್ನುತ್ತದೆ. ಈ ಸೂತ್ರವನ್ನು ಮುನಿಗಳ ಆಹಾರದಾನಕ್ಕೆ ಅನ್ವಯಿಸುವುದು ವಾಡಿಕೆ. ಹಕ್ಕಿಗೆ ಹಾಕುವ ಕಾಳಿಗೂ ಅದನ್ನು ಹಚ್ಚಿ ನೋಡಬಾರದೇಕೆ? ಏನನ್ನು, ಹೇಗೆ, ಯಾರಿಗೆ ಕೊಡಲಾಗುತ್ತಿದೆ ಎಂದು ಕೇಳದೆ ಕೊಟ್ಟದ್ದರಲ್ಲಿ ಉಳಿಯುವುದು ದಾತೃ ಒಬ್ಬನೇ.

ಭಾವ ಶುದ್ಧವಿದ್ದರೆ ಸಾಕಲ್ಲವೇ ಎಂಬ ಆಕ್ಷೇಪ ಬರಬಹುದು. ಜನ್ನನ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪ ಜನ್ಮಜನ್ಮಗಳವರೆಗೆ ಬೆನ್ನಟ್ಟಿತು. ಸಂಕಲ್ಪಕ್ಕೆ ಅಷ್ಟು ತೂಕವಿದ್ದ ಮೇಲೆ ದಯೆಯ ಸಂಕಲ್ಪಕ್ಕೂ ಅಷ್ಟೇ ತೂಕವಿರಬೇಕು ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಅದೇ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರಗೇಡಿತನದಿಂದಾದ ಪ್ರಾಣಹಾನಿ ಹಿಂಸೆಯೇ. ವಾರಗಟ್ಟಲೆ ತೊಳೆಯದ ನೀರಿನ ತಟ್ಟೆ ರೋಗವನ್ನು ಹಕ್ಕಿಯಿಂದ ಹಕ್ಕಿಗೆ ದಾಟಿಸುತ್ತದೆ. ಉಳಿದ ಚೂಡಾ, ಫರಸಾಣಗಳ ಉಪ್ಪು ಸಣ್ಣ ಹಕ್ಕಿಗೆ ವಿಷ. ಶಹಾಪುರದಂತಹ ಮಗ್ಗದ ಪೇಟೆಯಲ್ಲಿ ಇನ್ನೊಂದು ಎಚ್ಚರವೂ ಬೇಕು: ಗೂಡು ಕಟ್ಟುವ ಹಕ್ಕಿ ನೂಲನ್ನು ಒಯ್ಯುತ್ತದೆ. ಎಲೆ ಹೊಲಿದು ಗೂಡು ಮಾಡುವ ಸಿಂಪಿಗಕ್ಕೆ ಹತ್ತಿಯ ಎಳೆ ಒಳ್ಳೆಯದೇ. ಆದರೆ ಉದ್ದನೆಯ, ಕಡಿಯದ ಕೃತಕ ದಾರ ಮರಿಯ ಕಾಲಿಗೆ ಸುತ್ತಿಕೊಂಡರೆ ಮರಿ ಗೂಡು ಬಿಡಲಾರದು. ಹಿತ್ತಲಿಗೆ ಬಿಸಾಡುವ ಮುನ್ನ ದಾರವನ್ನು ಗೇಣಿಗಿಂತ ಗಿಡ್ಡಾಗಿ ಕತ್ತರಿಸುವುದೂ ದಯಾದತ್ತಿಯೇ.

ಹಾಗಾದರೆ ವಸಂತದಲ್ಲಿ ಹಕ್ಕಿಗೆ ಉಣಿಸುವವರು ಯಾರು? ಮುಖ್ಯವಾಗಿ ಮರಗಳು. ಎಲೆಯುದುರಿದ ಬೂರುಗದ ಕೆಂಪು ಹೂವಿಗೆ ಗೊರವಂಕ, ಕಾಗೆ, ಕಾಜಾಣಗಳು ಮುತ್ತುತ್ತವೆ. ಮುತ್ತುಗಕ್ಕೂ ಹಾಲಿವಾಣಕ್ಕೂ ಇದೇ ಭಾಗ್ಯ. ದಾಸವಾಳಕ್ಕೆ ಸೂರಕ್ಕಿ, ಅತ್ತಿ ಆಲಗಳಿಗೆ ಚೆಂಬುಕುಟಿಗ, ಪಿಕಳಾರ, ಕೋಗಿಲೆ. ಕೋಗಿಲೆ ಕಾಳು ತಿನ್ನುವ ಹಕ್ಕಿಯೇ ಅಲ್ಲ, ಹಣ್ಣು ಅದರ ಮುಖ್ಯ ಆಹಾರ. ಹೀಗಾಗಿ ಕಾವ್ಯದ ವಸಂತಕ್ಕೆ ಒಡೆಯನಾದ ಹಕ್ಕಿಗೆ ಮಾಳಿಗೆಯ ಜೋಳ ನೇರವಾಗಿ ತಲುಪುವುದಿಲ್ಲ. ತಲುಪುವ ಒಂದು ದಾರಿ ಮಾತ್ರ ಉಂಟು: ದಿನವೂ ಕಾಗೆಗೆಂದು ಇಡುವ ಅನ್ನ. ಆ ಅನ್ನ ತಿಂದ ಕಾಗೆ ತನ್ನ ಗೂಡಿನಲ್ಲಿರುವ ಕೋಗಿಲೆಯ ಮರಿಯನ್ನು ಸಾಕುತ್ತದೆ. ಕಾಗೆಯನ್ನು ಕರೆದು ಅನ್ನವಿಟ್ಟ ಮನೆಯವರು ತಮಗರಿಯದೆಯೇ ಪರಪುಟ್ಟದ ‘ಪರ’ದಲ್ಲಿ ಪಾಲುಗಾರರಾಗಿರುತ್ತಾರೆ. ನಿಘಂಟುಕಾರರು ಈ ಅರ್ಥವನ್ನು ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ.

ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ಚಂಪೂಕಾವ್ಯಗಳ ವಸಂತವರ್ಣನೆಯ ಹಕ್ಕಿಗಳನ್ನೆಲ್ಲ ಪಟ್ಟಿಮಾಡಿ, ಪ್ರತಿ ವಿಶೇಷಣದ ಎದುರು ಇದು ಕಂಡದ್ದೋ ಕೇಳಿದ್ದೋ ಎಂದು ಗುರುತು ಹಾಕಬಹುದು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಕೈಯಲ್ಲಿದ್ದರೆ ಅರ್ಧ ಕೆಲಸ ಹಗುರಾಗುತ್ತದೆ. ಒಂದೇ ಓಣಿಯಲ್ಲಿ ಗುಬ್ಬಿಯೂ ಚಿಮಣಿಯೂ, ಗೊರವಂಕವೂ ಸಾಳುಂಕಿಯೂ ಕೇಳಿಬರುವ ಶಹಾಪುರದಂತಹ ಕಡೆ ಹೆಸರುಗಳ ಸಂಗ್ರಹವೇ ಬೇರೊಂದು ಅಧ್ಯಾಯವಾದೀತು. ಆ ಪಟ್ಟಿಯಲ್ಲಿ ಮೊದಲು ತಿದ್ದಬೇಕಾದದ್ದು ಬಹುಶಃ ಕೋಗಿಲೆಯ ಲಿಂಗ. ವಸಂತದಲ್ಲಿ ಇಂಪಾಗಿ ಕೂಗುವುದು ಕೆಂಗಣ್ಣಿನ ಕರಿಯ ಗಂಡು. ಇಂಪಾದ ಹೆಣ್ಣುದನಿಗೆ ಕೋಗಿಲೆಯನ್ನು ಹೋಲಿಸುತ್ತ ಬಂದ ಭಾಷೆಯಲ್ಲಿ, ಕಂದುಮೈಯ ಮೇಲೆ ಬಿಳಿಚುಕ್ಕೆಯಿರುವ ನಿಜವಾದ ಹೆಣ್ಣು ಕೋಗಿಲೆ ಕರಿಬೇವಿನ ಹಣ್ಣಿಗೆ ಬಂದು ಕುಳಿತರೆ, ಅದು ಯಾವ ಹಕ್ಕಿಯೆಂದು ಹೆಚ್ಚಿನವರಿಗೆ ಗುರುತೇ ಹತ್ತುವುದಿಲ್ಲ.