ನೀಹಾರಿಕೆಯೆಂದರೇನು?

ಮನೆಯ ಮಕ್ಕಳು ಪಾಠಪುಸ್ತಕದಲ್ಲಿ ನೀಹಾರಿಕೆಯೆಂಬ ಶಬ್ದವನ್ನು ಕಂಡು, ಹಾಗೆಂದರೇನೆಂದು ಕೇಳಿದರೆ, ಆಕಾಶದಲ್ಲಿರುವ ಅನಿಲದ ಮೋಡವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿಬಿಡುವುದು ಅನೇಕರ ವಾಡಿಕೆ. ಉತ್ತರವೇನೋ ಸರಿಯಾದುದೇ. ಆದರೆ ಅದು ಮನುಷ್ಯನ ಕೈಗೆ ಸುಲಭವಾಗಿ ಬಂದುದಲ್ಲ. ಕಾಣುವ ಮಬ್ಬು ವಸ್ತುವಿನಲ್ಲಿದೆಯೋ, ನೋಡುವವನ ದೃಷ್ಟಿಯಲ್ಲಿದೆಯೋ ಎಂಬ ಸಂಶಯವು ಪರಿಹಾರವಾಗಲು ಬಹುಕಾಲ ಹಿಡಿಯಿತು. ಆ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ವಾಚಕರಿಗೆ ನಿವೇದಿಸುತ್ತೇವೆ.

ಮೊದಲು ಶಬ್ದವಿಚಾರ. ನೀಹಾರವೆಂದರೆ ಮಂಜು. ಅಮರಕೋಶವು ಇದನ್ನು ತುಷಾರ, ಹಿಮ ಮೊದಲಾದ ಶಬ್ದಗಳೊಡನೆ ಎಣಿಸಿದೆ. ಪಾಶ್ಚಾತ್ಯ ಜ್ಯೋತಿರ್ವಿದರು ಬಳಸುವ ನೆಬ್ಯುಲಾ ಎಂಬ ಲ್ಯಾಟಿನ್ ಶಬ್ದಕ್ಕೂ ಮಂಜು, ಮೋಡ ಎಂದೇ ಅರ್ಥ. ಗ್ರೀಕರ ನೆಫೆಲೆ, ಜರ್ಮನರ ನೇಬೆಲ್, ನಮ್ಮ ನಭಸ್ ಇವೆಲ್ಲವೂ ಅದರ ಒಡಹುಟ್ಟಿದ ಶಬ್ದಗಳು. ನಭಸ್ಸೆಂದರೆ ನಮಗೆ ಈಗ ಆಕಾಶವೆಂದೇ ರೂಢಿ. ಪ್ರಾಚೀನ ಭಾಷೆಯಲ್ಲಿ ಮೋಡ, ಮಂಜು ಎಂಬ ಅರ್ಥವೂ ಉಂಟು. ಮಳೆಗಾಲದ ಶ್ರಾವಣ ಭಾದ್ರಪದಗಳಿಗೆ ನಭ, ನಭಸ್ಯ ಎಂಬ ವೈದಿಕ ನಾಮಗಳಿರುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಈ ನೆಬ್ಯುಲಾ ಶಬ್ದವು ಆಕಾಶದಲ್ಲಿ ಮಾತ್ರವೇ ಉಳಿದಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ಮೇಲೆ ಗಾಯ ಮಾಯ್ದು ನಿಂತ ತೆಳುವಾದ ಮಬ್ಬಿಗೂ ವೈದ್ಯರು ಇದೇ ಹೆಸರನ್ನಿಟ್ಟಿದ್ದಾರೆ. ಅರ್ಥ ಸ್ಪಷ್ಟವಾಗದ ಮಾತನ್ನು ಇಂಗ್ಲಿಷಿನವರು ಈ ಶಬ್ದದಿಂದ ಹುಟ್ಟಿದ ವಿಶೇಷಣದಿಂದಲೇ ವರ್ಣಿಸುತ್ತಾರೆ. ಉಬ್ಬಸದ ಮಕ್ಕಳಿಗೆ ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಕೊಡುವ ನೆಬ್ಯುಲೈಸರ್ ಯಂತ್ರವನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಅದರ ಹೆಸರಿನ ಮೂಲವೂ ಇದೇ.

ಇನ್ನು ವಸ್ತುವಿಚಾರ. ಬರಿಯ ಕಣ್ಣಿಗೆ ನಕ್ಷತ್ರಗಳು ಚುಕ್ಕಿಗಳಾಗಿ ಕಾಣುವುವಷ್ಟೆ. ಚುಕ್ಕಿಯಾಗಿ ನಿಲ್ಲದೆ ಮಂಜಿನಂತೆ ಹರಡಿ ಕಂಡುದನ್ನೆಲ್ಲ ಹಿಂದಿನವರು ಒಂದೇ ಹೆಸರಿನಿಂದ ಕರೆದರು. ಪರ್ಷಿಯಾ ದೇಶದ ಅಲ್ ಸೂಫಿಯು 964ರ ಸುಮಾರಿನ ತನ್ನ ಗ್ರಂಥದಲ್ಲಿ ಆಂಡ್ರೊಮಿಡಾ ರಾಶಿಯ ಮಬ್ಬನ್ನು ಸಣ್ಣ ಮೋಡವೆಂದು ಗುರುತಿಸಿದನು. ಫ್ರಾನ್ಸ್ ದೇಶದ ಮೆಸ್ಸಿಯೆ ಎಂಬಾತನು ಧೂಮಕೇತುಗಳನ್ನು ಹುಡುಕುವವನು. 1758ರಲ್ಲಿ ವೃಷಭರಾಶಿಯ ಒಂದು ಮಬ್ಬು ಅವನನ್ನು ಭ್ರಮೆಗೊಳಿಸಿತು. ಧೂಮಕೇತುವಾಗಿದ್ದರೆ ಅದು ಚಲಿಸಬೇಕಾಗಿತ್ತು, ಚಲಿಸಲಿಲ್ಲ. ಇಂಥವುಗಳಿಂದ ಮತ್ತೆ ಮೋಸಹೋಗಬಾರದೆಂದು ಅವನು ಒಂದು ಪಟ್ಟಿಯನ್ನು ಮಾಡತೊಡಗಿದನು. 1781ರ ವೇಳೆಗೆ ಅದು ನೂರನ್ನು ಮೀರಿತು. ವಿನೋದವೇನೆಂದರೆ, ಅವನು ಹಿಡಿದ ಧೂಮಕೇತುಗಳಿಗಿಂತ ಅವನು ಬೇಡವೆಂದು ಬದಿಗಿಟ್ಟ ಈ ಪಟ್ಟಿಯೇ ಅವನಿಗೆ ಕೀರ್ತಿಯನ್ನು ತಂದಿತು.

ದೂರದರ್ಶಕಗಳು ದೊಡ್ಡವಾದಂತೆ ಆ ಪಟ್ಟಿಯ ಹಲವು ಮಬ್ಬುಗಳು ಒಡೆದು ನಕ್ಷತ್ರಗಳ ಗುಂಪಾಗಿ ಕಂಡವು. ಹೀಗಿರಲು ಉಳಿದವೂ ಅಂಥವೇ ಆಗಿರಬಹುದು, ಮಬ್ಬೆಲ್ಲವೂ ನಮ್ಮ ದೃಷ್ಟಿಯ ದೋಷವೇ ಎಂದು ಅನೇಕರು ಊಹಿಸಿದರು. ವಿಲಿಯಂ ಹರ್ಷೆಲ್ಲನೂ ಮೊದಲು ಹಾಗೆಯೇ ಎಣಿಸಿದ್ದನು. ಆದರೆ 1790ರಲ್ಲಿ ಒಂದೇ ನಕ್ಷತ್ರದ ಸುತ್ತ ಪ್ರಭಾವಳಿಯಂತಿದ್ದ ಮಬ್ಬನ್ನು ಕಂಡು, ನಿಜವಾದ ಮಂಜೂ ಇರಬೇಕೆಂದು ಒಪ್ಪಿಕೊಂಡನು.

ವಿವಾದಕ್ಕೆ ಪ್ರಮಾಣವು ದೊರೆತುದು 1864ರಲ್ಲಿ. ಸಾಮಾನ್ಯವಾಗಿ ನಕ್ಷತ್ರದ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಗಳ ಪಟ್ಟಿಯೊಂದು ಮೂಡುತ್ತದೆ. ತೆಳುವಾದ ಅನಿಲವು ಹೊಳೆದರೆ ಕೆಲವು ಬಿಡಿ ಗೆರೆಗಳು ಮಾತ್ರ ಕಾಣುತ್ತವೆ. ಇಂಗ್ಲೆಂಡಿನ ಹಗ್ಗಿನ್ಸ್ ಎಂಬ ವಿದ್ವಾಂಸನು ಒಂದು ನೀಹಾರಿಕೆಯ ಬೆಳಕನ್ನು ಹೀಗೆ ಪರೀಕ್ಷಿಸಲು ಗೆರೆಗಳೇ ಕಂಡವು. ಮಂಜು ನಿಜವಾದುದೇ ಎಂದಾಯಿತು. ಆ ಹಸಿರು ಗೆರೆಗಳು ತಿಳಿದ ಯಾವ ವಸ್ತುವಿಗೂ ಹೊಂದದಿರಲು, ಹೊಸದೊಂದು ಮೂಲವಸ್ತುವನ್ನು ಕಲ್ಪಿಸಿ ನೆಬ್ಯುಲಿಯಂ ಎಂಬ ನಾಮಕರಣವೂ ನಡೆಯಿತು. ಅದು ನಾವು ಉಸಿರಾಡುವ ಆಮ್ಲಜನಕವೇ, ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿರುವುದೆಂದು 1927ರಲ್ಲಿ ಅಮೆರಿಕದ ಬೋವೆನ್ ತೋರಿಸಿದನು. ಹೆಸರು ಮಾತ್ರ ಇದ್ದ ವಸ್ತು ಹೀಗೆ ಇಲ್ಲವಾಯಿತು.

ಆಂಡ್ರೊಮಿಡಾದ ಮಬ್ಬಿನ ಗತಿಯು ಬೇರೆಯಾಯಿತು. 1923ರಲ್ಲಿ ಹಬಲ್ ಎಂಬಾತನು ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಅದರಲ್ಲಿ ಕ್ರಮವಾಗಿ ಹೆಚ್ಚಿ ಕುಂದುವ ಒಂದು ನಕ್ಷತ್ರವನ್ನು ಕಂಡು, ಅದರಿಂದ ದೂರವನ್ನು ಗಣಿಸಿದನು. ಅದು ನಮ್ಮ ಆಕಾಶಗಂಗೆಗೆ ಹೊರಗೆ, ಎಷ್ಟೋ ಆಚೆಗೆ ನಿಂತಿತು. ಈಗಿನ ಎಣಿಕೆಯಂತೆ ಆ ದೂರವು ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಸಣ್ಣ ಮೋಡವೆಂದು ಕರೆದುದು ಕೋಟ್ಯನುಕೋಟಿ ನಕ್ಷತ್ರಗಳ ಮತ್ತೊಂದು ಆಕಾಶಗಂಗೆಯೇ ಆಗಿತ್ತು. ಇಲ್ಲಿ ಮಂಜಿದ್ದುದು ನಮ್ಮ ದೃಷ್ಟಿಯಲ್ಲಿ.

ಹೀಗೆ ಸೋಸಿದ ಮೇಲೆ, ನಕ್ಷತ್ರಗಳ ನಡುವಿನ ಅನಿಲ ಮತ್ತು ಧೂಳಿನ ಮೋಡಗಳಿಗೇ ನೀಹಾರಿಕೆಯೆಂಬ ಹೆಸರು ನಿಂತಿತು. ಕೆಲವು ನಕ್ಷತ್ರಗಳ ಸೂತಿಕಾಗೃಹಗಳು. ಕೆಲವು ನಕ್ಷತ್ರಗಳ ಅವಸಾನದ ಗುರುತುಗಳು. ಮೆಸ್ಸಿಯೆಯನ್ನು ಭ್ರಮೆಗೊಳಿಸಿದ ವೃಷಭರಾಶಿಯ ಮಬ್ಬು, 1054ರಲ್ಲಿ ಚೀನೀಯರು ಹಗಲಿನಲ್ಲಿಯೂ ಕಂಡು ಬರೆದಿಟ್ಟ ನಕ್ಷತ್ರಸ್ಫೋಟದ ಶೇಷವು. ನಮ್ಮ ರಕ್ತದ ಕಬ್ಬಿಣವೂ ಎಲುಬಿನ ಸುಣ್ಣದಂಶವೂ ಬಹುಮಟ್ಟಿಗೆ ಇಂಥ ಸ್ಫೋಟಗಳಿಂದಲೇ ಹೊರಬಂದು, ನೀಹಾರಿಕೆಯಲ್ಲಿ ಬೆರೆತು, ಸೂರ್ಯನೊಡನೆ ಭೂಮಿಯೂ ರೂಪುಗೊಂಡಾಗ ಇಲ್ಲಿಗೆ ಸೇರಿದವು. ಆದುದರಿಂದ ನೀಹಾರಿಕೆಯು ನಮಗೆ ಸಂಬಂಧಪಡದ ದೂರದ ವಸ್ತುವೆಂದು ಭಾವಿಸತಕ್ಕುದಲ್ಲ.

ಈ ಮಬ್ಬಿನ ಭೇದವನ್ನು ಮನೆಯಂಗಳದಲ್ಲಿಯೇ ಮಕ್ಕಳಿಗೆ ತೋರಿಸಬಹುದು. ಮಾಘಮಾಸದ ಬೆಳುದಿಂಗಳಿಲ್ಲದ ರಾತ್ರಿ, ಎಂಟು ಗಂಟೆಯ ಸುಮಾರಿಗೆ, ಸಾಧಾರಣವಾದೊಂದು ದುರ್ಬೀನನ್ನು ಹಿಡಿದು ಮೊದಲು ಕೃತ್ತಿಕೆಯನ್ನು ನೋಡಲಿ. ಮಂದದೃಷ್ಟಿಯವರಿಗೆ ಬೂದಿಯ ಉಂಡೆಯಂತೆ ಕಾಣುವ ಆ ಗುಂಪು ಹತ್ತಾರು ಚುಕ್ಕಿಗಳಾಗಿ ಬಿಡಿಸಿಕೊಳ್ಳುವುದು. ಬಳಿಕ ಮಹಾವ್ಯಾಧನ ಸೊಂಟದಲ್ಲಿ ಸಾಲಾಗಿರುವ ಮೂರು ನಕ್ಷತ್ರಗಳನ್ನು ಹುಡುಕಲಿ; ಐತರೇಯ ಬ್ರಾಹ್ಮಣವು ಹೇಳುವ ಇಷು ತ್ರಿಕಾಂಡವೆಂಬ ಬಾಣವು ಇವೇ ಎನ್ನುವುದು ವಾಡಿಕೆ. ಅವುಗಳ ಕೆಳಗೆ ಕತ್ತಿಯಂತೆ ಇಳಿಬಿದ್ದಿರುವ ಸಾಲಿನ ನಡುವೆ ದುರ್ಬೀನನ್ನು ನಿಲ್ಲಿಸಲಿ. ಅಲ್ಲಿಯ ಮಬ್ಬು ಕರಗುವುದಿಲ್ಲ. ಮಬ್ಬಾಗಿಯೇ ಇನ್ನೂ ಚೆನ್ನಾಗಿ ಕಾಣುವುದು. ಅದರ ವಿಸ್ತಾರವು ಸುಮಾರು 24 ಜ್ಯೋತಿರ್ವರ್ಷ, ದೂರವು ಸುಮಾರು 1,300 ಜ್ಯೋತಿರ್ವರ್ಷ. ಮಗುವಿನ ಕಣ್ಣಿಗೆ ಆ ರಾತ್ರಿ ತಾಗುವ ಬೆಳಕು ಬಾದಾಮಿಯ ಚಾಲುಕ್ಯರು ಆಳುತ್ತಿದ್ದಾಗ ಅಲ್ಲಿಂದ ಹೊರಟುದು. ಎರಡನ್ನೂ ನೋಡಿದ ಮಗುವಿಗೆ ನೀಹಾರಿಕೆಯೆಂದರೇನೆಂದು ನಾವು ಬೇರೆಯಾಗಿ ಹೇಳಬೇಕಾದುದು ಹೆಚ್ಚಿಲ್ಲ.