ಸೈನ್ಯಕ್ಕೆ ಹೊರಟ ಮಗನಿಗೆ ಮೂರು ತಿಂಗಳು ಕೊಡಿರಿ

ಜಟಿಂಗ ರಾಮೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಮಗ ಸೈನ್ಯಕ್ಕೆ ಹೊರಟರೆ, "ನೇಗಿಲು ಹಿಡಿದ ಮೈ, ತರಬೇತಿ ಯಾವ ಲೆಕ್ಕ?" ಎನ್ನುವ ತಂದೆಯರುಂಟು. ನಾನು ಒಪ್ಪಲಾರೆ. ಹೊಲದ ದುಡಿಮೆ ರಟ್ಟೆಗೆ ಬಲ ಕೊಡುತ್ತದೆ, 1.6 ಕಿಲೋಮೀಟರ್ ಓಟಕ್ಕೆ, ಬೂಟು ತೊಟ್ಟ ಕವಾಯತಿಗೆ ಬೇಕಾದ ದಮ್ಮು ಬೇರೆ.

ಹದಿನೈದು ದಿನವಿರುವಾಗ ಟಾರು ರಸ್ತೆಯಲ್ಲಿ ಒಮ್ಮೆಲೇ ಓಡತೊಡಗಿದರೆ ಮೊಣಕಾಲ ಕೆಳಗಿನ ಮೂಳೆ ಸಣ್ಣಗೆ ಬಿರುಕು ಬಿಡಬಹುದು. ಬೆಳಗಾವಿಯ ಮರಾಠಾ ಕೇಂದ್ರಕ್ಕೇ ಹೋಗಲಿ, ಕುಂಟುವವನು ಹಿಂದೆ ಬೀಳುತ್ತಾನೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಅದರಲ್ಲಿ ತಿಂಗಳುಗಟ್ಟಲೆ ಕಾಲುನೋವಿಗೆ ಹೋದರೆ ಉಳಿದದ್ದೇನು?

ಮೂರು ತಿಂಗಳು ಮೊದಲೇ ಬೆಟ್ಟದ ಬುಡದ ಮಣ್ಣು ದಾರಿಯಲ್ಲಿ ಓಡಲಿ, ವಾರವಾರಕ್ಕೆ ಸ್ವಲ್ಪವೇ ಹೆಚ್ಚಿಸಲಿ. ವಾರಕ್ಕೊಂದು ದಿನ ಬಿಡುವಿರಲಿ. ಮುದ್ದೆ, ಮೊಳಕೆ ಹುರುಳಿ ಸಾಕು. ಡಬ್ಬಿ ಪುಡಿ ಬೇಡ. ಶೇಂಗಾವನ್ನೆಲ್ಲ ಚಳ್ಳಕೆರೆಗೆ ಸಾಗಿಸದೆ ಅವನಿಗೊಂದು ಚೀಲ ಉಳಿಸಿರಿ. ಬಿತ್ತನೆ ಕಾಲದಲ್ಲೂ ಬೆಳಗಿನ ಒಂದು ಗಂಟೆ ಅವನನ್ನು ಕರೆಯಬೇಡಿರಿ.